ಮಿಂಚಿಗೂ ಗುಡುಗಿಗೂ ನಡುವೆ

ವೈಶಾಖಮಾಸದ ಒಂದು ಮಧ್ಯಾಹ್ನ. ಬೆಳಗಿನಿಂದ ಬಿಸಿಲು ಕಾದಿರುವುದು. ಮರದಲ್ಲಿ ಒಂದು ಎಲೆಯೂ ಅಲುಗದು. ಮೂರು ಗಂಟೆಯಾಗುತ್ತಲೆ ದಿಗಂತದಲ್ಲಿ ಹತ್ತಿಯ ರಾಶಿಯಂತಹ ಬೆಳ್ಮುಗಿಲೊಂದು ತಲೆಯೆತ್ತಿ, ನೋಡುನೋಡುತ್ತಿದ್ದಂತೆಯೇ ಬೆಟ್ಟದೋಪಾದಿಯಲ್ಲಿ ಬೆಳೆದು, ಅದರ ತಳವು ಕಾಡಿಗೆಯ ಬಣ್ಣವನ್ನು ತಾಳುವುದು. ತಣ್ಣನೆಯ ಗಾಳಿಯೊಂದು ಬೀಸಿ ಅಂಗಳದ ತರಗೆಲೆಗಳನ್ನು ಎಬ್ಬಿಸುವುದು. ಆಗ ಝಗ್ಗೆಂದು ಒಂದು ಮಿಂಚು! ಮನೆಯ ಅಜ್ಜಿಯು ಮಕ್ಕಳನ್ನು ನಡುಮನೆಗೆ ಕರೆದು, ಸುತ್ತಲೂ ಕುಳ್ಳಿರಿಸಿಕೊಂಡು, ಅರ್ಜುನನ ಹತ್ತು ಹೆಸರುಗಳನ್ನು ಹೇಳಿಸತೊಡಗುವಳು. ಕೆಲವು ಮನೆಗಳಲ್ಲಿ ಅಂಗಳಕ್ಕೆ ಕಬ್ಬಿಣದ ಕತ್ತಿಯನ್ನು ಎಸೆಯುವ ರೂಢಿಯೂ ಉಂಟು.

ಓದಿದ ಮೊಮ್ಮಕ್ಕಳು ಇದನ್ನು ಕಂಡು ನಗುವುದುಂಟು. ಕತ್ತಿಯ ವಿಷಯದಲ್ಲಿ ಅವರು ನಕ್ಕರೆ ತಪ್ಪಿಲ್ಲ. ಅಂಗಳದಲ್ಲಿ ಬಿದ್ದ ಕತ್ತಿಯು ಸಿಡಿಲನ್ನು ತಡೆಯದು. ಅದನ್ನು ಎಸೆಯುವುದಕ್ಕೆಂದು ಬಾಗಿಲಿಗೆ ಹೋದವನೇ ಅಪಾಯಕ್ಕೆ ಸಿಕ್ಕುವನು. ಆದರೆ ಹತ್ತು ಹೆಸರುಗಳ ವಿಷಯದಲ್ಲಿ ನಗುವ ಮೊದಲು ಸ್ವಲ್ಪ ಯೋಚಿಸಬೇಕು. ಆ ನೆಪದಿಂದ ಅಜ್ಜಿಯು ಎರಡು ಕೆಲಸಗಳನ್ನು ಮಾಡಿದಳು. ಮೊದಲ ಮಿಂಚಿಗೇ ಮಕ್ಕಳನ್ನು ಒಳಗೆ ಕರೆದುಕೊಂಡಳು. ಮಿಂಚಿಗೂ ಗುಡುಗಿಗೂ ನಡುವಿನ ಕಾಲವನ್ನು ಅಳೆಯುವ ಒಂದು ಅಳತೆಗೋಲನ್ನು, ತನಗೆ ಅರಿವಿಲ್ಲದೆಯೇ, ಅವರ ಬಾಯಿಗೆ ಕೊಟ್ಟಳು. ಆ ಹೆಸರುಗಳನ್ನು ಅವಸರವಿಲ್ಲದೆ ಹೇಳಿ ಮುಗಿಸುವುದಕ್ಕೆ ಹೆಚ್ಚುಕಡಿಮೆ 10 ಸೆಕೆಂಡು ಹಿಡಿಯುವುದು. ಈ 10 ಸೆಕೆಂಡಿನ ಬೆಲೆಯೇನೆಂಬುದನ್ನು ಮುಂದೆ ನೋಡೋಣ.

ಮಿಂಚನ್ನು ಕಂಡು ಹೆದರುವವರಿರುವಂತೆ ಅದನ್ನು ಕಂಡು ಮೋಹಗೊಳ್ಳುವವರೂ ಇರುವರು. ಇಂದು ಮನೆಮನೆಯಲ್ಲಿಯೂ ಕ್ಯಾಮರಾ ಇದೆ. ಕೈಯಲ್ಲಿನ ಫೋನೇ ಕ್ಯಾಮರಾ ಆಗಿದೆ. ಮಿಂಚು ಹೊಳೆದೊಡನೆ ಒಳಗೆ ಓಡುತ್ತಿದ್ದ ಕಾಲ ಹೋಗಿ, ಚಿತ್ರ ತೆಗೆಯುವುದಕ್ಕಾಗಿ ಮಹಡಿಗೆ ಓಡುವ ಕಾಲ ಬಂದಿದೆ. ಈ ಕುತೂಹಲವು ಒಳ್ಳೆಯದೇ. ಅದನ್ನು ಅಡಗಿಸುವುದು ನಮ್ಮ ಉದ್ದೇಶವಲ್ಲ. ಪ್ರಾಣಕ್ಕೆ ಕುಂದಿಲ್ಲದಂತೆ ಅದನ್ನು ಪೂರೈಸಿಕೊಳ್ಳುವ ಬಗೆಯನ್ನು ಗೃಹಸ್ಥರಿಗೂ ಅವರ ಮಕ್ಕಳಿಗೂ ತಿಳಿಸುವುದೇ ಈ ಲೇಖನದ ಗುರಿ.

ಮುಗಿಲಿನ ಒಡಲಲ್ಲಿ ನಡೆಯುವುದೇನು?

ಬೇಸಗೆಯ ಕಾವಿಗೆ ಮೇಲೇರಿದ ತೇವದ ಗಾಳಿಯು ಹತ್ತಾರು ಕಿಲೋಮೀಟರು ಎತ್ತರದ ಮುಗಿಲಾಗುವುದು. ಅದರ ಮೇಲಣ ಭಾಗದಲ್ಲಿ ನೀರು ಹೆಪ್ಪುಗಟ್ಟಿ ಮಂಜಿನ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಉಂಟಾಗುವುವು. ಹಗುರವಾದ ಹರಳುಗಳು ಗಾಳಿಯೊಡನೆ ಮೇಲಕ್ಕೂ ಭಾರವಾದ ಆಲಿಗಳು ಕೆಳಕ್ಕೂ ಚಲಿಸುವಾಗ ಒಂದಕ್ಕೊಂದು ತಾಗಿ, ಹರಳುಗಳು ಧನವಿದ್ಯುತ್ತನ್ನೂ ಆಲಿಗಳು ಋಣವಿದ್ಯುತ್ತನ್ನೂ ಪಡೆಯುವುವು. ಹೀಗೆ ಮುಗಿಲಿನ ಮೇಲ್ಭಾಗವು ಧನವಾಗಿಯೂ ಕೆಳಭಾಗವು ಋಣವಾಗಿಯೂ ಬೇರ್ಪಡುವುವು. ಈ ಬೇರ್ಪಾಟು ಮಿತಿಮೀರಿದಾಗ, ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡದ ಗಾಳಿಯೂ ಸೋತು ದಾರಿ ಬಿಡುವುದು. ಅದೇ ಮಿಂಚು. ಭೂಮಂಡಲವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಸೆಕೆಂಡೊಂದಕ್ಕೆ 40ಕ್ಕೂ ಮೀರಿ ಮಿಂಚುಗಳು ಹೊಳೆಯುತ್ತಿರುವುವೆಂದು ಉಪಗ್ರಹಗಳಿಂದ ತಿಳಿದುಬಂದಿದೆ. ಅವುಗಳಲ್ಲಿ ಹೆಚ್ಚಿನವು ಮುಗಿಲಿನೊಳಗೇ ಮುಗಿದುಹೋಗುವುವು. ನೆಲಕ್ಕೆ ಇಳಿದುದನ್ನೇ ನಾವು ಸಿಡಿಲೆನ್ನುವುದು.

ಇಳಿಯುವ ಬಗೆಯೂ ವಿಚಿತ್ರವಾದುದು. ಮೊದಲು ಕಣ್ಣಿಗೆ ಕಾಣದಷ್ಟು ಮಂಕಾದ ಒಂದು ಎಳೆಯು, ಕತ್ತಲಲ್ಲಿ ತಡವರಿಸಿ ಹೆಜ್ಜೆಯಿಡುವವನಂತೆ, ಸುಮಾರು 50 ಮೀಟರಿನ ಹೆಜ್ಜೆಗಳನ್ನಿಡುತ್ತ, ಅಲ್ಲಲ್ಲಿ ಕವಲೊಡೆಯುತ್ತ ಕೆಳಗಿಳಿಯುವುದು. ಅದು ನೆಲವನ್ನು ಸಮೀಪಿಸಿದಾಗ ಮರದ ತುದಿ, ಮನೆಯ ಮೂಲೆ, ಬಯಲಲ್ಲಿ ನಿಂತ ಮನುಷ್ಯನ ತಲೆ ಮೊದಲಾದ ಎತ್ತರದ ಎಡೆಗಳಿಂದ ಚಿಕ್ಕ ಎಳೆಗಳು ಅದನ್ನು ಎದುರುಗೊಳ್ಳಲು ಮೇಲೇಳುವುವು. ಎರಡೂ ಕೂಡಿದ ಕ್ಷಣದಲ್ಲಿಯೇ ದಾರಿ ಪೂರ್ಣವಾಗಿ, ಸುಮಾರು 30,000 ಆಂಪಿಯರ್ ಪ್ರವಾಹವು ಹರಿದು, ಬೆಳಕು ಕೆಳಗಿನಿಂದ ಮೇಲಕ್ಕೆ ಚಿಮ್ಮುವುದು. ನಮ್ಮ ಕಣ್ಣನ್ನು ಕೋರೈಸುವುದು ಈ ಮರುಹೊಡೆತವೇ. ಅದೇ ದಾರಿಯಲ್ಲಿ ಮೂರು ನಾಲ್ಕು ಸಲ, ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಬಿಡುವಿನಲ್ಲಿ, ಹೊಡೆತಗಳು ಮರುಕಳಿಸುವುದರಿಂದಲೇ ಮಿಂಚು ಪಟಪಟನೆ ಮಿಟುಕಿದಂತೆ ತೋರುವುದು.

ಮಿಂಚಿನ ದಾರಿಯ ದಪ್ಪವು ಕೆಲವೇ ಸೆಂಟಿಮೀಟರು. ಅದರ ಕಾವಾದರೋ ಸೂರ್ಯನ ಮೈಮೇಲಣ ಕಾವಿನ ಐದರಷ್ಟು. ಅಷ್ಟು ಕಾವಿಗೆ ಸಿಕ್ಕಿದ ಗಾಳಿಯು ಒಮ್ಮೆಲೆ ಹಿಗ್ಗಿ ಸಿಡಿಯುವ ಸದ್ದೇ ಗುಡುಗು.

ಎಣಿಕೆಯ ಲೆಕ್ಕ

ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಹೋಗುವುದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ. ಆದುದರಿಂದ ಮಿಂಚು ಹುಟ್ಟಿದೊಡನೆಯೇ ಕಣ್ಣಿಗೆ ಕಾಣುವುದು. ಗುಡುಗು ಮಾತ್ರ ನಡೆದುಕೊಂಡು ಬರುವ ಅತಿಥಿಯಂತೆ ಹಿಂದುಳಿಯುವುದು. ಮಿಂಚು ಕಂಡಲ್ಲಿಂದ ಗುಡುಗು ಕೇಳುವವರೆಗೆ ಎಷ್ಟು ಸೆಕೆಂಡುಗಳಾದುವೆಂದು ಎಣಿಸಿ, ಅದನ್ನು 3ರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿ ಬಿದ್ದಿತೆಂಬುದು ತಿಳಿಯುವುದು. ಅಜ್ಜಿಯ ಹತ್ತು ಹೆಸರುಗಳು ಒಮ್ಮೆ ಮುಗಿಯುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು 3 ಕಿಲೋಮೀಟರಿನ ಒಳಗಿದೆ. ಮೂರು ಬಾರಿ ಮುಗಿಯುವಷ್ಟರಲ್ಲಿ ಕೇಳಿದರೆ 10 ಕಿಲೋಮೀಟರಿನ ಒಳಗಿದೆ.

ಹತ್ತು ಕಿಲೋಮೀಟರು ಬಹು ದೂರವಲ್ಲವೆ, ಅಲ್ಲಿ ಬಿದ್ದ ಸಿಡಿಲಿನಿಂದ ನಮಗೇನು ಎಂದು ಕೇಳಬಹುದು. ಇಲ್ಲಿಯೇ ಜನರು ಮೋಸಹೋಗುವುದು. ಬಿರುಮಳೆಯ ಮುಗಿಲು ಹತ್ತಾರು ಕಿಲೋಮೀಟರು ಅಗಲವಾಗಿ ಹರಡಿರುವುದು. ಒಂದು ಸಿಡಿಲಿಗೂ ಅದರ ಮುಂದಿನ ಸಿಡಿಲಿಗೂ ನಡುವೆ 10 ಕಿಲೋಮೀಟರು ಅಂತರವಿರುವುದು ಸಾಮಾನ್ಯ. ಮಳೆಯಿಲ್ಲದ, ತಲೆಯ ಮೇಲೆ ಬಿಸಿಲಿರುವ ಎಡೆಯಲ್ಲಿಯೂ ದೂರದ ಮುಗಿಲಿನಿಂದ ಅಡ್ಡ ಹಾಯ್ದು ಬಂದು ಸಿಡಿಲು ಎರಗಿದ ನಿದರ್ಶನಗಳುಂಟು. 2017ರ ಅಕ್ಟೋಬರಿನಲ್ಲಿ ಅಮೆರಿಕೆಯ ಟೆಕ್ಸಾಸಿನಿಂದ ಕ್ಯಾನ್ಸಾಸ್ ನಗರದ ಸಮೀಪದವರೆಗೆ ಚಾಚಿದ ಒಂದೇ ಮಿಂಚು 829 ಕಿಲೋಮೀಟರು ಉದ್ದವಿದ್ದಿತೆಂದು ವಿಶ್ವ ಹವಾಮಾನ ಸಂಸ್ಥೆಯು 2025ರಲ್ಲಿ ನಿರ್ಣಯಿಸಿತು. ಅಂತಹುದು ಬಹು ಅಪರೂಪ. ಆದರೂ ಮಿಂಚಿನ ಕೈ ಎಷ್ಟು ಉದ್ದವೆಂಬುದಕ್ಕೆ ಅದೊಂದು ಸಾಕ್ಷಿ.

ಆದುದರಿಂದ ನೆನಪಿಡತಕ್ಕ ನಿಯಮವಿಷ್ಟೆ: ಎಣಿಕೆಯು 30ಕ್ಕೆ ಮುಟ್ಟುವ ಮೊದಲೇ ಗುಡುಗು ಕೇಳಿದರೆ ಕೂಡಲೆ ಒಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆಯುವವರೆಗೂ ಹೊರಗೆ ಬರಬಾರದು. ಎಣಿಸಲು ಬಾರದ ಮಕ್ಕಳಿಗೆ ಇನ್ನೂ ಸುಲಭವಾಗಿ ಹೇಳಬಹುದು: ಗುಡುಗು ಕಿವಿಗೆ ಬಿದ್ದಿತೆಂದರೆ ಮನೆಯೊಳಗೆ. ಗುಡುಗು ಕೇಳಿಸುವುದೇ ಹೆಚ್ಚೆಂದರೆ 15-20 ಕಿಲೋಮೀಟರಿನವರೆಗೆ. ಕೇಳಿಸುವಷ್ಟು ಹತ್ತಿರವಿದ್ದರೆ ಬಡಿಯುವಷ್ಟು ಹತ್ತಿರವಿದೆಯೆಂದೇ ತಿಳಿಯಬೇಕು.

ಸಾವು ಬರುವ ದಾರಿಗಳು

ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ ಸಿಡಿಲಿನಿಂದ ಸತ್ತವರ ಸಂಖ್ಯೆ 2,800ಕ್ಕೂ ಮೀರಿತ್ತೆಂದು ಸರಕಾರದ ಲೆಕ್ಕಪತ್ರಗಳು ಹೇಳುತ್ತವೆ. ಪ್ರವಾಹ, ಚಂಡಮಾರುತಗಳ ಸುದ್ದಿಯು ದೊಡ್ಡದಾಗಿ ಬರುವುದು. ಸಿಡಿಲು ಒಬ್ಬೊಬ್ಬರನ್ನೇ ಕೊಂಡೊಯ್ಯುವುದರಿಂದ ಅದರ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಅಡಗಿಹೋಗುವುದು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗರು: ಹೊಲದಲ್ಲಿ ಕೆಲಸದಲ್ಲಿದ್ದವರು, ದನ ಕುರಿ ಕಾಯುತ್ತಿದ್ದವರು, ಮಳೆಗೆ ಹೆದರಿ ಮರದ ಬುಡಕ್ಕೆ ಹೋದವರು.

ಕನ್ನಡನಾಡಿನಲ್ಲಿ ಇದಕ್ಕೆ ಎರಡು ಹಂಗಾಮುಗಳುಂಟು. ಮುಂಗಾರು ಕೂಡುವ ಮೊದಲು ಏಪ್ರಿಲ್-ಮೇ ತಿಂಗಳುಗಳಲ್ಲಿ ಬರುವ ಅಶ್ವಿನಿ, ಭರಣಿ, ಕೃತ್ತಿಕೆಯ ಮಳೆಗಳು ಒಂದು; ಮುಂಗಾರು ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ ಸುರಿಯುವ ಚಿತ್ತೆ, ಸ್ವಾತಿಯ ಮಳೆಗಳು ಇನ್ನೊಂದು. ನಡುವಣ ಜಡಿಮಳೆಯ ತಿಂಗಳುಗಳಲ್ಲಿ ನೀರು ಹೆಚ್ಚು, ಸಿಡಿಲು ಕಡಿಮೆ. ದಿನದಲ್ಲಿ ಮಧ್ಯಾಹ್ನ ಎರಡು ಮೂರು ಗಂಟೆಯಿಂದ ಇರುಳಾಗುವವರೆಗಿನ ಹೊತ್ತೇ ಹೆಚ್ಚು ಅಪಾಯದ್ದು. ಹೊಲದ ಕೆಲಸವನ್ನು ಬೆಳಗಿಗೆ ಮುಗಿಸಿಕೊಳ್ಳುವ ರೈತನು ಈ ಎರಡು ಹಂಗಾಮುಗಳಲ್ಲಿ ತನ್ನ ಆಯುಷ್ಯವನ್ನೂ ಬೆಳೆಸಿಕೊಳ್ಳುವನು.

ಸಿಡಿಲು ನೇರವಾಗಿ ತಲೆಯ ಮೇಲೆ ಬಿದ್ದರೆ ಮಾತ್ರ ಸಾವೆಂಬುದು ತಪ್ಪು ತಿಳಿವಳಿಕೆ. ಹಾಗೆ ಬೀಳುವುದು ಕಡಿಮೆ. ಮರಕ್ಕೆ ಬಡಿದ ಸಿಡಿಲು ಅದರ ಬುಡದಲ್ಲಿ ನಿಂತವನ ಮೈಗೆ ಪಕ್ಕದಿಂದ ಹಾರುವುದು ಒಂದು ದಾರಿ. ತಂತಿಬೇಲಿ, ಬಟ್ಟೆ ಒಣಗಿಸುವ ತಂತಿ, ಬಾವಿಯ ಸರಪಳಿ, ನೀರಿನ ಕಬ್ಬಿಣದ ಕೊಳವೆ ಇವುಗಳ ಮೂಲಕ ಹರಿದುಬಂದು ಮುಟ್ಟಿದವನನ್ನು ಹೊಡೆಯುವುದು ಇನ್ನೊಂದು. ಎಲ್ಲಕ್ಕಿಂತ ಹೆಚ್ಚು ಪ್ರಾಣಗಳನ್ನು ತೆಗೆಯುವುದು ಮೂರನೆಯ ದಾರಿ. ನೆಲಕ್ಕಿಳಿದ ವಿದ್ಯುತ್ತು ಕೆರೆಗೆ ಬಿದ್ದ ಕಲ್ಲಿನಿಂದೇಳುವ ಅಲೆಗಳಂತೆ ನೆಲದಲ್ಲಿ ಸುತ್ತಲೂ ಹರಡುವುದು. ಒಂದು ಕಾಲಿನಿಂದ ಏರಿ ಇನ್ನೊಂದು ಕಾಲಿನಿಂದ ಇಳಿಯುವುದು. ಕಾಲುಗಳ ನಡುವಣ ಅಂತರ ಹೆಚ್ಚಿದಷ್ಟೂ ಏಟು ಹೆಚ್ಚು. ದನಗಳ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಬಹಳ. ನಡುವೆ ಹೃದಯವೂ ಇದೆ. ಒಂದೇ ಮರದಡಿಯಲ್ಲಿ ನಿಂತ ಇಡೀ ಮಂದೆಯು ಒಂದೇ ಸಿಡಿಲಿಗೆ ಉರುಳುವುದರ ಗುಟ್ಟು ಇದೇ.

ಬಯಲಿನಲ್ಲಿರುವಾಗ ಗುಡುಗಿದರೆ ಒಂಟಿಮರವನ್ನು ಆಶ್ರಯಿಸಬಾರದು, ದಿಣ್ಣೆಯನ್ನು ಬಿಟ್ಟಿಳಿಯಬೇಕು, ಕೆರೆ ಹೊಳೆಗಳಿಂದ ಮೇಲೆ ಬರಬೇಕು, ಗುದ್ದಲಿ ಹಾರೆಗಳನ್ನು ಅಲ್ಲಿಯೇ ಬಿಟ್ಟು, ಗುಂಪುಗೂಡದೆ ದೂರದೂರವಾಗಿ ಚದರಿ, ಪಕ್ಕಾ ಕಟ್ಟಡದ ಕಡೆಗೆ ತಡಮಾಡದೆ ಹೋಗಬೇಕು. ತಗಡಿನ ಮಾಡುಳ್ಳ ಮುಚ್ಚಿದ ಮೋಟಾರು ಗಾಡಿಯೂ ಒಳ್ಳೆಯ ಆಶ್ರಯವೇ. ಅದರ ಲೋಹದ ಮೈಯು ವಿದ್ಯುತ್ತನ್ನು ಹೊರಹೊರಗೆ ಸಾಗಿಸಿ ನೆಲಕ್ಕಿಳಿಸುವುದು. ರಬ್ಬರಿನ ಚಕ್ರಗಳಿಂದ ರಕ್ಷಣೆಯೆಂಬುದು ಸುಳ್ಳು. ಕಾಲಿನ ರಬ್ಬರು ಚಪ್ಪಲಿಯೂ ಅಂತೆಯೇ ನಿರುಪಯೋಗಿ. ಇಷ್ಟು ಕಿಲೋಮೀಟರು ಗಾಳಿಯನ್ನು ಸೀಳಿ ಬಂದ ಸಿಡಿಲಿಗೆ ಒಂದಂಗುಲ ರಬ್ಬರು ಅಡ್ಡಿಯೆ? ಹೋಗಲು ಎಲ್ಲಿಯೂ ಎಡೆಯಿಲ್ಲದೆ ಸಿಡಿಲು ಸುತ್ತಲೂ ಬೀಳುತ್ತಿದ್ದರೆ ಪಾದಗಳೆರಡನ್ನೂ ಜೋಡಿಸಿ, ತಲೆ ತಗ್ಗಿಸಿ ಕುಕ್ಕುರುಗಾಲಿನಲ್ಲಿ ಕುಳಿತಿರಬೇಕು. ಮಲಗಕೂಡದು. ಇದು ಬೇರೆ ದಾರಿಯಿಲ್ಲದಾಗಿನ ಮಾತು, ಪೂರ್ಣ ರಕ್ಷಣೆಯಲ್ಲ.

ಮನೆಯೊಳಗಿನ ಎಚ್ಚರ

ಮನೆಯೆಂದರೆ ನಾಲ್ಕು ಗೋಡೆಗಳುಳ್ಳ ಒಳಕೋಣೆ. ಜಗಲಿ, ಚಪ್ಪರ, ಹೊಲದ ಗುಡಿಸಲು, ಬಸ್ಸಿಗೆ ಕಾಯುವ ತಂಗುದಾಣ ಇವು ಮಳೆಯನ್ನು ತಡೆಯಬಹುದು, ಸಿಡಿಲನ್ನು ತಡೆಯವು. ಒಳಗಿದ್ದರೂ ಹೊರಗಿನಿಂದ ಮನೆಯನ್ನು ಹೊಗುವ ಲೋಹದ ದಾರಿಗಳಿಂದ ದೂರವಿರಬೇಕು. ಗುಡುಗು ನಿಲ್ಲುವವರೆಗೆ ಸ್ನಾನಕ್ಕೆ ಹೋಗುವುದು, ನಲ್ಲಿಯಲ್ಲಿ ಪಾತ್ರೆ ತೊಳೆಯುವುದು, ತಂತಿಯುಳ್ಳ ಟೆಲಿಫೋನಿನಲ್ಲಿ ಮಾತಾಡುವುದು, ಕಿಟಕಿಯ ಸರಳನ್ನು ಹಿಡಿದು ಮಳೆ ನೋಡುವುದು, ಪಂಪಿನ ಸ್ವಿಚ್ಚನ್ನು ಹಾಕುವುದು ಇವನ್ನು ಬಿಡತಕ್ಕದ್ದು. ದೂರದರ್ಶನ, ಗಣಕಯಂತ್ರ ಮೊದಲಾದುವುಗಳ ಬೆಸುಗೆಯನ್ನು ಗೋಡೆಯಿಂದ ಕಳಚುವುದಾದರೆ ಮಳೆ ಹತ್ತಿರವಾಗುವ ಮೊದಲೇ ಕಳಚಬೇಕು. ಸಿಡಿಲು ಆರಂಭವಾದ ಮೇಲೆ ಅವುಗಳನ್ನು ಮುಟ್ಟಬಾರದು. ಯಂತ್ರ ಹೋದರೆ ಬೇರೊಂದು ತರಬಹುದು. ಮೊಬೈಲ್ ಫೋನು ಸಿಡಿಲನ್ನು ಸೆಳೆಯುವುದೆಂಬ ಮಾತಿನಲ್ಲಿ ಹುರುಳಿಲ್ಲ. ತಂತಿಯಿಂದ ಗೋಡೆಗೆ ಸಿಕ್ಕಿಸದೆ ಒಳಕೋಣೆಯಲ್ಲಿ ಅದನ್ನು ಬಳಸುವುದಕ್ಕೆ ಅಡ್ಡಿಯಿಲ್ಲ.

ಗೃಹಿಣಿಯರಲ್ಲಿ ಒಂದು ವಿಶೇಷ ಬಿನ್ನಹ. ಮಳೆ ಬಂದೊಡನೆ ಮಹಡಿಯ ಮೇಲಣ ಬಟ್ಟೆ, ಹಪ್ಪಳ, ಸಂಡಿಗೆಗಳ ನೆನಪಾಗುವುದು. ತಂತಿಯ ಮೇಲೆ ಕೈಯಿಟ್ಟು ಬಟ್ಟೆ ಬಾಚಿಕೊಳ್ಳುವ ಆ ಎರಡು ನಿಮಿಷವೇ ದಿನದಲ್ಲೆಲ್ಲ ಅತ್ಯಂತ ಅಪಾಯದ್ದು. ನೆನೆದ ಸಂಡಿಗೆಯನ್ನು ಮತ್ತೆ ಒಣಗಿಸಬಹುದು.

ಕುತೂಹಲಕ್ಕೆ ತೆತ್ತ ಬೆಲೆ

ಮಿಂಚು ವಿದ್ಯುತ್ತೇ ಎಂಬುದನ್ನು ಪ್ರಯೋಗದಿಂದ ತೋರಿಸಬಹುದೆಂದು ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನನು ಬರೆದಿದ್ದನು. ಆ ಬರಹವನ್ನೋದಿ 1752ರ ಮೇ ತಿಂಗಳಲ್ಲಿ ಫ್ರಾನ್ಸಿನ ದಾಲಿಬಾರನೆಂಬವನು ಎತ್ತರದ ಕಬ್ಬಿಣದ ಸಲಾಕೆಯನ್ನು ನಿಲ್ಲಿಸಿ ಮುಗಿಲಿನಿಂದ ಕಿಡಿಗಳನ್ನು ಪಡೆದನು. ಕೂಡಲೆ ಯುರೋಪಿನ ಪಂಡಿತರೆಲ್ಲರಿಗೂ ಅದೇ ಹುಚ್ಚು ಹಿಡಿಯಿತು. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ರಿಖ್ಮನ್ ಎಂಬ ಪ್ರಾಧ್ಯಾಪಕನು ತನ್ನ ಮನೆಯ ಮಾಡಿನ ಮೇಲೆ ಸಲಾಕೆಯನ್ನಿರಿಸಿ, ಅದರಿಂದ ತಂತಿಯನ್ನು ಮನೆಯೊಳಕ್ಕೆ ತಂದು, ವಿದ್ಯುತ್ತಿನ ಬಲವನ್ನು ಅಳೆಯುವ ಒಂದು ಉಪಕರಣಕ್ಕೆ ಸೇರಿಸಿದ್ದನು. 1753ರ ಆಗಸ್ಟ್ 6ರಂದು ವಿದ್ವತ್ಸಭೆಯಲ್ಲಿ ಕುಳಿತಿದ್ದಾಗ ಗುಡುಗು ಕಿವಿಗೆ ಬಿದ್ದಿತು. ಆತನು ಮನೆಗೆ ಧಾವಿಸಿದನು. ಕಂಡುದನ್ನು ಚಿತ್ರಿಸುವುದಕ್ಕಾಗಿ ಸಭೆಯ ಕೆತ್ತನೆಗಾರನಾದ ಸೊಕೊಲೊಫನನ್ನೂ ಜೊತೆಗೆ ಕರೆದೊಯ್ದನು. ಉಪಕರಣದತ್ತ ಬಾಗಿ ನೋಡುತ್ತಿರುವಾಗ ಅದರಿಂದ ಬೆಂಕಿಯ ಉಂಡೆಯೊಂದು ಹಾರಿ ಆತನ ಹಣೆಗೆ ತಾಗಿತು. ರಿಖ್ಮನ್ ಒಂದು ಮಾತೂ ಆಡದೆ ಸತ್ತುಬಿದ್ದನು. ಕೆತ್ತನೆಗಾರನು ನೆಲಕ್ಕುರುಳಿದರೂ ಬದುಕಿದನು.

ಮಿಂಚಿನ ಚಿತ್ರಕ್ಕಾಗಿ ಹೊರಟ ಇಬ್ಬರ ಕಥೆಯಿದು. ಇದರಿಂದ ಕಲಿಯತಕ್ಕ ಪಾಠಗಳೆರಡು. ಆತನು ಗುಡುಗನ್ನು ಕೇಳಿದ ಮೇಲೆ ಅದರತ್ತ ಓಡಿದನು. ಎರಡನೆಯದಾಗಿ, ವಿದ್ಯುತ್ತನ್ನು ಅಳೆಯಬೇಕೆಂಬ ಆಸೆಯಿಂದ ಆತನು ಸಲಾಕೆಯನ್ನು ನೆಲಕ್ಕೆ ಸೇರಿಸಿರಲಿಲ್ಲ. ದಾರಿ ಕಾಣದ ವಿದ್ಯುತ್ತು ಆತನ ಮೈಯನ್ನೇ ದಾರಿ ಮಾಡಿಕೊಂಡಿತು. ಇಂದು ಕಟ್ಟಡಗಳ ಮೇಲೆ ಕಾಣುವ ಸಿಡಿಲುಗಂಬಿಯು ಈ ದೋಷವನ್ನು ತಿದ್ದಿದುದು. ಅದು ಸಿಡಿಲನ್ನು ಓಡಿಸುವುದಿಲ್ಲ. ಬಿದ್ದ ಸಿಡಿಲನ್ನು ದಪ್ಪ ತಂತಿಯ ಮೂಲಕ ಗೋಡೆಯ ಹೊರಹೊರಗೇ ಇಳಿಸಿ ನೆಲದೊಳಗಿನ ತಗಡಿಗೆ ಮುಟ್ಟಿಸುವುದು. ತಂತಿಯೆಲ್ಲಿಯಾದರೂ ತುಂಡಾಗಿದ್ದರೆ, ನೆಲದ ಸಂಬಂಧ ಕೆಟ್ಟಿದ್ದರೆ, ಗಂಬಿಯಿರುವುದಕ್ಕಿಂತ ಇಲ್ಲದಿರುವುದೇ ಲೇಸು. ಆದುದರಿಂದ ಎತ್ತರದ ಮನೆಯುಳ್ಳವರು ಬಲ್ಲವರಿಂದಲೇ ಅದನ್ನು ಹಾಕಿಸಿ, ಮಳೆಗಾಲಕ್ಕೆ ಮೊದಲು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಕಣ್ಣಿಗೆ ಕಾಣದುದನ್ನು ಕೇಳುವುದು

ಗುಡುಗು ಕೇಳುವುದಕ್ಕೂ ಮೊದಲೇ ಬಿರುಮಳೆಯ ಸುಳಿವು ಸಿಕ್ಕಿದರೆ ಎಷ್ಟು ಅನುಕೂಲ! ಇದಕ್ಕೆ ಉಪಾಯವುಂಟು. ಪ್ರತಿಯೊಂದು ಮಿಂಚೂ ಬೆಳಕಿನೊಡನೆ ರೇಡಿಯೋ ತರಂಗಗಳನ್ನೂ ಹೊರಸೂಸುವುದು. 1895ರಲ್ಲಿಯೇ ರಷ್ಯದ ಪೊಪೋವ್ ಎಂಬ ವಿಜ್ಞಾನಿಯು ದೂರದ ಮಿಂಚು ಹೊಳೆದಾಗ ತಾನಾಗಿ ಗಂಟೆ ಬಾರಿಸುವ ಯಂತ್ರವನ್ನು ರಚಿಸಿ ಪ್ರದರ್ಶಿಸಿದನು.

ಅಷ್ಟು ಶ್ರಮವೂ ನಮಗೆ ಬೇಡ. ಬ್ಯಾಟರಿಯಿಂದ ನಡೆಯುವ ಚಿಕ್ಕ ರೇಡಿಯೋ ಮನೆಯಲ್ಲಿದ್ದರೆ ಅದನ್ನು ಮಧ್ಯಮತರಂಗಕ್ಕೆ ತಿರುಗಿಸಿ, ಯಾವ ನಿಲಯವೂ ಇಲ್ಲದ ಬರಿದಾದ ಎಡೆಯಲ್ಲಿ ಮುಳ್ಳನ್ನು ನಿಲ್ಲಿಸಬೇಕು. ಒಂದೊಂದು ಮಿಂಚಿಗೂ ಚರ್ ಎಂದು ಸದ್ದು ಕೇಳುವುದು. ಸದ್ದುಗಳು ಅಪರೂಪವಾಗಿ ಮೆಲ್ಲಗಿದ್ದರೆ ಮಳೆ ದೂರದಲ್ಲಿದೆ. ಅಡಿಗಡಿಗೆ ಗಟ್ಟಿಯಾಗಿ ಕೇಳಿಸತೊಡಗಿದರೆ ಹತ್ತಿರವಾಗುತ್ತಿದೆ. ಮಕ್ಕಳಿಗೆ ಇದೊಂದು ಸೊಗಸಾದ ಆಟ. ಐದೈದು ನಿಮಿಷಕ್ಕೆ ಎಷ್ಟು ಸದ್ದುಗಳೆಂದು ಬರೆದಿಡಿಸಿದರೆ, ಮಳೆಯು ಏರುವುದನ್ನೂ ಇಳಿಯುವುದನ್ನೂ ಅವರು ತಾವಾಗಿಯೇ ಕಂಡುಕೊಳ್ಳುವರು. ಹೊರಗಿನ ಗಳುವಿಗೆ ಕಟ್ಟಿದ ತಂತಿಯನ್ನು ಮಾತ್ರ ಈ ರೇಡಿಯೋಗೆ ಸೇರಿಸಬಾರದು.

ಒಂದು ರೇಡಿಯೋ ಮಿಂಚಿದೆಯೆಂದು ಹೇಳುವುದೇ ಹೊರತು ಎಲ್ಲಿದೆಯೆಂದು ಹೇಳಲಾರದು. ಬೇರೆಬೇರೆ ಊರುಗಳಲ್ಲಿ ಹಲವು ಗ್ರಾಹಕಗಳನ್ನಿಟ್ಟು, ಒಂದೇ ಮಿಂಚಿನ ತರಂಗವು ಒಂದೊಂದಕ್ಕೂ ತಲುಪಿದ ಕಾಲವನ್ನು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಅಳೆದರೆ, ಆ ವ್ಯತ್ಯಾಸಗಳಿಂದ ಮಿಂಚಿನ ಎಡೆಯನ್ನು ಲೆಕ್ಕಹಾಕಬಹುದು. ಅಷ್ಟು ಕಾಲದಲ್ಲಿ ತರಂಗವು ಹೋಗುವುದು 300 ಮೀಟರು ಮಾತ್ರ. ಉಪಗ್ರಹಗಳು ಸಾರುವ ಕಾಲವನ್ನು ಅನುಸರಿಸುವ ಗಡಿಯಾರಗಳಿಂದ ಇದು ಸಾಧ್ಯವಾಗಿದೆ. ಜರ್ಮನಿಯಲ್ಲಿ ಆರಂಭವಾದ ಬ್ಲಿಟ್ಸ್‌ಓರ್ಟುಂಗ್ ಎಂಬ ಕೂಟದಲ್ಲಿ ಹಲವು ದೇಶಗಳ ಹವ್ಯಾಸಿಗಳು ತಮ್ಮತಮ್ಮ ಮನೆಗಳಲ್ಲಿ ಇಂತಹ ಗ್ರಾಹಕಗಳನ್ನು ಕಟ್ಟಿ, ಮಿಂಚುಗಳ ನಕ್ಷೆಯನ್ನು ಕ್ಷಣಕ್ಷಣಕ್ಕೂ ಎಲ್ಲರಿಗೂ ಒದಗಿಸುತ್ತಿರುವರು. ನಮ್ಮ ದೇಶದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ಇದೇ ತತ್ತ್ವದ ಮೇಲೆ ಜಾಲವೊಂದನ್ನು ಹರಡಿ, ಸುತ್ತಲಿನ 20 ಮತ್ತು 40 ಕಿಲೋಮೀಟರುಗಳೊಳಗಿನ ಸಿಡಿಲನ್ನು ಮೊಬೈಲ್ ಫೋನಿನಲ್ಲಿ ತಿಳಿಸುವ ‘ದಾಮಿನಿ’ಯನ್ನು ರೂಪಿಸಿತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 2018ರಲ್ಲಿ ‘ಸಿಡಿಲು’ ಎಂಬ ಹೆಸರಿನದನ್ನು ಹೊರತಂದಿತು. ಇವು ಉಪಯುಕ್ತವಾದ ಸಾಧನಗಳು. ಆದರೆ ಫೋನು ಸುಮ್ಮನಿದ್ದು ಕಿವಿಗೆ ಗುಡುಗು ಕೇಳಿಸಿದರೆ ನಂಬಬೇಕಾದುದು ಕಿವಿಯನ್ನೇ.

ಮಿಂಚಿನ ಚಿತ್ರವನ್ನು ಪಡೆಯುವ ಬಗೆ

ಹಿಂದಿನ ಚಿತ್ರಕಾರರು ಮಿಂಚನ್ನು ಗರಗಸದ ಹಲ್ಲಿನಂತೆ ಬರೆಯುತ್ತಿದ್ದರು. ಅದು ನಿಜವಲ್ಲವೆಂದು ಸಾಧಿಸಲು ಹೊರಟ ಫಿಲಡೆಲ್ಫಿಯಾದ ಛಾಯಾಗ್ರಾಹಕ ವಿಲಿಯಂ ಜೆನ್ನಿಂಗ್ಸನು 1882ರಲ್ಲಿ ಮಿಂಚಿನ ಚಿತ್ರವನ್ನು ತೆಗೆದು, ಅದು ನದಿಯಂತೆ ಬಳುಕಿ ಕವಲೊಡೆಯುವುದೆಂದು ಲೋಕಕ್ಕೆ ತೋರಿಸಿಕೊಟ್ಟನು. ಇಂಗ್ಲೆಂಡಿನ ಬಾಯ್ಸ್ ಎಂಬ ವಿಜ್ಞಾನಿಯು ಮಸೂರಗಳು ವೇಗವಾಗಿ ತಿರುಗುವ ಕ್ಯಾಮರಾ ಒಂದನ್ನು ಕಲ್ಪಿಸಿದನು. ಮಿಂಚಿನ ಹಿಂದುಮುಂದಿನ ಭಾಗಗಳು ಅದರಲ್ಲಿ ಬೇರೆಬೇರೆ ಎಡೆಗಳಲ್ಲಿ ಮೂಡುವುವು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಶಾನ್ಲೆಂಡನೂ ಆತನ ಸಂಗಡಿಗರೂ ಇಂತಹ ಕ್ಯಾಮರಾದಿಂದಲೇ ನಾವು ಮೇಲೆ ಹೇಳಿದ ಹೆಜ್ಜೆಹೆಜ್ಜೆಯ ಇಳಿತವನ್ನೂ ಮೇಲ್ಮುಖವಾದ ಮರುಹೊಡೆತವನ್ನೂ ಕಂಡುಹಿಡಿದರು. ಹೀಗೆ ಛಾಯಾಚಿತ್ರವು ಬರಿಯ ವಿನೋದವಲ್ಲ. ಮಿಂಚಿನ ವಿಷಯದಲ್ಲಿ ನಮಗಿರುವ ಜ್ಞಾನಕ್ಕೆ ಅದೇ ತಾಯಿ.

ಹವ್ಯಾಸಿಯು ಮೊದಲು ಅರಿಯತಕ್ಕುದೇನೆಂದರೆ, ಒಳ್ಳೆಯ ಚಿತ್ರಕ್ಕೆ ಮಿಂಚಿನ ಸಮೀಪ ಹೋಗಬೇಕಾಗಿಲ್ಲ. ಹತ್ತಿರದ ಮಿಂಚು ಚಿತ್ರವನ್ನೆಲ್ಲ ಬೆಳ್ಳಗೆ ಬಳಿದುಬಿಡುವುದು; ಮಳೆಯ ಹನಿಗಳು ಮಸೂರವನ್ನು ಮುಚ್ಚುವುವು. ದೂರದ ಮಿಂಚು ಮುಗಿಲಿನ ಆಕಾರ, ಊರಿನ ದೀಪಗಳು, ಬೆಟ್ಟದ ಅಂಚು ಇವುಗಳೊಡನೆ ಕೂಡಿ ಬರುವುದು. ನಮ್ಮಿಂದ ಹಿಂದೆ ಸರಿಯುತ್ತಿರುವ, ಗುಡುಗು ಕೇಳಿಸುವುದು ನಿಂತು ಅರ್ಧ ಗಂಟೆ ಕಳೆದ ಮಳೆಯೇ ಛಾಯಾಗ್ರಾಹಕನ ಮಿತ್ರ. ಇರುಳಿನಲ್ಲಿ 30-40 ಕಿಲೋಮೀಟರು ದೂರದಲ್ಲಿ, ಸದ್ದಿಲ್ಲದೆ ಒಳಗಿನಿಂದ ಬೆಳಗುವ ಮುಗಿಲಿಗಿಂತ ಸುಂದರವಾದ ನೋಟ ಮತ್ತೊಂದಿಲ್ಲ.

ಇನ್ನು ವಿಧಾನ. ಮಿಂಚನ್ನು ಕಂಡ ಮೇಲೆ ಗುಂಡಿಯೊತ್ತುವವನಿಗೆ ಬರಿಯ ಕತ್ತಲೆಯೇ ದೊರೆಯುವುದು. ಆದುದರಿಂದ ಕ್ಯಾಮರಾದ ಕಣ್ಣನ್ನು ಮೊದಲೇ ತೆರೆದಿಟ್ಟು ಮಿಂಚೇ ತನ್ನ ಚಿತ್ರವನ್ನು ಬರೆಯುವಂತೆ ಮಾಡಬೇಕು. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿ, ಐಎಸ್‌ಓ 100ಕ್ಕೂ ರಂಧ್ರವನ್ನು ಎಫ್ 5.6 ಅಥವಾ ಎಫ್ 8ಕ್ಕೂ ಇಡಬೇಕು. ದೂರದ ಯಾವುದಾದರೊಂದು ದೀಪವನ್ನು ನೋಡಿ ಕೈಯಿಂದಲೇ ಮಸೂರವನ್ನು ಹೊಂದಿಸಿ, ತಾನಾಗಿ ಹೊಂದಿಕೊಳ್ಳುವ ಏರ್ಪಾಡನ್ನು ನಿಲ್ಲಿಸಬೇಕು. ಒಂದೊಂದು ಚಿತ್ರಕ್ಕೆ 10ರಿಂದ 30 ಸೆಕೆಂಡು ಕಾಲ ಕೊಟ್ಟು, ಒಂದಾದ ಮೇಲೊಂದರಂತೆ ಬಿಡುವಿಲ್ಲದೆ ತೆಗೆಯುತ್ತಿರಬೇಕು. ಐವತ್ತರಲ್ಲಿ ಎರಡು ಚೆನ್ನಾಗಿ ಬಂದರೆ ಆ ಸಂಜೆ ಸಾರ್ಥಕವೆಂದೇ ತಿಳಿಯಬಹುದು. ಮಿಂಚು ತೀರ ಬೆಳ್ಳಗಾಗಿ ಬಂದರೆ ರಂಧ್ರವನ್ನು ಕಿರಿದುಮಾಡಬೇಕು. ಊರಿನ ದೀಪಗಳು ಹೆಚ್ಚು ಬೆಳಗಿದರೆ ಕಾಲವನ್ನು ಕಡಿಮೆ ಮಾಡಬೇಕು. ಈ ಎರಡನ್ನೂ ಬೇರೆಬೇರೆಯಾಗಿ ಅರಿತವನಿಗೆ ಅರ್ಧ ವಿದ್ಯೆ ಬಂದಂತೆಯೇ.

ಹಗಲಿನಲ್ಲಿ ಅಷ್ಟು ಕಾಲ ಕಣ್ಣು ತೆರೆದಿಡುವುದು ಸಾಧ್ಯವಿಲ್ಲ. ಅದಕ್ಕಾಗಿ ಮಿಂಚಿನ ಬೆಳಕನ್ನು ಗ್ರಹಿಸಿ ತಾನೇ ಗುಂಡಿಯೊತ್ತುವ ಚಿಕ್ಕ ಯಂತ್ರಗಳು ದೊರೆಯುತ್ತವೆ. ಮಿಂಚಿನಲ್ಲಿ ಮೂರು ನಾಲ್ಕು ಹೊಡೆತಗಳಿರುವುವೆಂದೆವಷ್ಟೆ. ಯಂತ್ರವು ಮೊದಲ ಹೊಡೆತದಿಂದ ಎಚ್ಚತ್ತು ಉಳಿದವನ್ನು ಹಿಡಿಯುವುದು. ಫೋನು ಮಾತ್ರವಿರುವವರು ಅದನ್ನು ಒಂದು ಕಡೆ ನಿಲ್ಲಿಸಿ ಚಲಚ್ಚಿತ್ರವನ್ನು ತೆಗೆದು, ಆಮೇಲೆ ಅದರಿಂದ ಬೇಕಾದ ಒಂದು ಚಿತ್ರವನ್ನು ಬೇರ್ಪಡಿಸಿಕೊಳ್ಳುವುದು ಸುಲಭವಾದ ದಾರಿ.

ಎಲ್ಲಿ ನಿಲ್ಲಬೇಕೆಂಬುದೇ ಮುಖ್ಯ ಪ್ರಶ್ನೆ. ಮಹಡಿಯ ಮೇಲಲ್ಲ, ಜಗಲಿಯಲ್ಲಲ್ಲ, ಲೋಹದ ಮುಕ್ಕಾಲಿಯನ್ನು ಹೊತ್ತು ಗುಡ್ಡದ ನೆತ್ತಿಯಲ್ಲಂತೂ ಎಂದಿಗೂ ಅಲ್ಲ. ಮುಚ್ಚಿದ ಗಾಜಿನ ಕಿಟಕಿಯುಳ್ಳ ಒಳಕೋಣೆಯಲ್ಲಿ ಕ್ಯಾಮರಾವನ್ನು ನಿಲ್ಲಿಸಬೇಕು. ಗಾಜನ್ನು ಹಗಲಿನಲ್ಲಿಯೇ ಒರೆಸಿಟ್ಟು, ಕೋಣೆಯ ದೀಪವನ್ನು ಆರಿಸಿ, ಪ್ರತಿಬಿಂಬ ಬೀಳದಂತೆ ಕಪ್ಪು ಬಟ್ಟೆಯನ್ನು ಮಸೂರದ ಸುತ್ತ ಇಳಿಬಿಟ್ಟರೆ ಗಾಜಿದ್ದುದೇ ಚಿತ್ರದಲ್ಲಿ ಗೊತ್ತಾಗದು. ಇದೆಲ್ಲವೂ ಮಳೆ ದೂರವಿರುವಾಗಲೇ ನಡೆಯಬೇಕು. ಅನಂತರ ಕ್ಯಾಮರಾ ತಾನಾಗಿ ತೆಗೆಯುತ್ತಿರುವಂತೆ ಏರ್ಪಡಿಸಿ, ತಾನು ಕಿಟಕಿಯ ಸರಳಿನಿಂದಲೂ ಮುಕ್ಕಾಲಿಯಿಂದಲೂ ದೂರ ಕುಳಿತುಕೊಳ್ಳಬೇಕು. ಎಣಿಕೆಯು 30ರೊಳಗೆ ಬಂದರೆ ಕ್ಯಾಮರಾವನ್ನು ಎತ್ತಿಡುವುದಕ್ಕೂ ಹೋಗಬಾರದು.

ಏಟು ತಗುಲಿದವರಿಗೆ

ಎಷ್ಟು ಎಚ್ಚರವಿದ್ದರೂ ಅವಘಡ ನಡೆಯಬಹುದು. ಸಿಡಿಲು ಬಡಿದವನನ್ನು ಮುಟ್ಟಿದರೆ ನಮಗೂ ಏಟು ಬೀಳುವುದೆಂದು ಜನರು ದೂರ ನಿಲ್ಲುವರು. ಇದಕ್ಕಿಂತ ಘಾತಕವಾದ ತಪ್ಪು ಬೇರೊಂದಿಲ್ಲ. ಆತನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಕೂಡಲೆ ಮುಟ್ಟಬಹುದು, ಮುಟ್ಟಲೇಬೇಕು. ಸಿಡಿಲಿನ ಏಟಿಗೆ ಹೃದಯವೂ ಉಸಿರೂ ನಿಂತು, ಸತ್ತಂತೆ ಕಾಣುವವನು ನಿಜವಾಗಿ ಸತ್ತಿರದೆ ಇರಬಹುದು. 108ಕ್ಕೆ ಕರೆ ಕಳುಹಿಸಿ, ಆತನನ್ನು ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು, ನಿಮಿಷಕ್ಕೆ 100ರಿಂದ 120ರಂತೆ, ಎದೆಯು 5 ಸೆಂಟಿಮೀಟರು ತಗ್ಗುವಷ್ಟು ಬಲವಾಗಿ ಒತ್ತುತ್ತಿರಬೇಕು. ವೈದ್ಯರ ನೆರವು ಬರುವವರೆಗೆ ನಿಲ್ಲಿಸಬಾರದು. ಹಲವರು ಬಿದ್ದಿದ್ದರೆ ನರಳುತ್ತಿರುವವರನ್ನು ಆಮೇಲೆ ನೋಡಿ, ಉಸಿರಿಲ್ಲದವರನ್ನು ಮೊದಲು ನೋಡಬೇಕು. ನರಳುವವನು ಬದುಕಿರುವನು, ಸುಮ್ಮನಿರುವವನಿಗೆ ನಮ್ಮ ಕೈಯೇ ಹೃದಯ. ಬದುಕಿದವರ ನೆನಪು, ಕಿವಿ, ಕಣ್ಣು, ನರಗಳಿಗೆ ಬಹುಕಾಲದ ತೊಂದರೆಯುಳಿಯಬಹುದಾದ್ದರಿಂದ, ಮೇಲೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಒಯ್ಯತಕ್ಕದ್ದು.

ಹೊರಗೆ ಮಳೆ ಬಿರುಸಾಗಿದೆಯೆಂದುಕೊಳ್ಳೋಣ. ದೀಪ ಆರಿದೆ, ಮಕ್ಕಳು ನಡುಮನೆಯಲ್ಲಿ ಅಜ್ಜಿಯ ಸುತ್ತ ಸೇರಿರುವರು. ಮಿಂಚು ಹೊಳೆಯಿತು. ಅರ್ಜುನನ ಹೆಸರುಗಳು ಆರಂಭವಾದುವು. ಒಮ್ಮೆ ಮುಗಿಯಿತು, ಎರಡು ಬಾರಿ ಮುಗಿಯಿತು. ಮೂರನೆಯದು ನಡುವಿರುವಾಗ ದೂರದಲ್ಲಿ ಗುಡುಗು ಉರುಳಿತು. ಎಂಟು ಒಂಬತ್ತು ಕಿಲೋಮೀಟರು ಎಂದು ಮೊಮ್ಮಗನು ಲೆಕ್ಕ ಹೇಳಿದನು. ಹಾಗಾದರೆ ಇನ್ನೂ ಹೊರಗೆ ಹೋಗುವ ಹೊತ್ತಲ್ಲ ಎಂದು ಅಜ್ಜಿಯು ತೀರ್ಪು ಕೊಟ್ಟಳು. ಅಜ್ಜಿಯ ಹೆಸರುಗಳೂ ಮೊಮ್ಮಗನ ಲೆಕ್ಕವೂ ಹೀಗೆ ಕೂಡಿರುವ ಮನೆಯಲ್ಲಿ ಎಲ್ಲರೂ ಮಿಂಚಿನ ಸೊಬಗನ್ನು ನೋಡಿ ನಲಿಯುವರು. ಮಳೆ ನಿಂತ ಮೇಲೆ ಎಲ್ಲರೂ ಊಟದೆಲೆಯ ಮುಂದೆ ಕುಳಿತಿರುವರು.